ವಾರಂಟಿ ಎಂಬ ಮಾತು

ನಮ್ಮ ರಾಯದುರ್ಗದ ಕಡೆ ಕೆಲವು ಹಳಬರು ಎರಡು ಬೇರೆ ಬೇರೆ ಕಾಗದಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಪೊಲೀಸರು ತರುವುದೂ ‘ವಾರಂಟು’, ಮೋಟಾರ್ ಸೈಕಲ್ ಷೋರೂಮಿನವರು ಕೊಡುವುದೂ ‘ವಾರಂಟು’. ಕೇಳಿದ ಹುಡುಗರು ನಗುತ್ತಾರೆ. ಹೊಸ ಗಾಡಿ ಕೊಂಡು ಒಂದು ವರ್ಷ ಓಡಿಸಿದವರು ಅಷ್ಟಾಗಿ ನಗುವುದಿಲ್ಲ. ಮೊದಲನೆಯ ಕಾಗದ ಬಂದರೆ ಹೇಳಿದ ದಿನ, ಹೇಳಿದ ಸ್ಥಳಕ್ಕೆ ಹಾಜರಾಗಬೇಕು. ಎರಡನೆಯದರ ಹಣೆಬರಹವೂ ಅದೇ. ಭಾಷೆಯ ದೃಷ್ಟಿಯಿಂದ ನೋಡಿದರೆ ಹಳಬರ ಮಾತು ಅಷ್ಟು ತಪ್ಪೂ ಅಲ್ಲ. ವಾರಂಟು, ವಾರಂಟಿ, ಗ್ಯಾರಂಟಿ ಮೂರೂ ಹಳೆಯ ಫ್ರೆಂಚಿನ ಒಂದೇ ಬೇರಿನಿಂದ ಇಂಗ್ಲಿಷಿಗೆ ಬಂದ ಕವಲುಗಳು. ಆ ಬೇರಿನ ಅರ್ಥ ಕಾಪಾಡುವವನು, ಹೊಣೆ ನಿಲ್ಲುವವನು ಎಂದು. ನಮ್ಮ ಕನ್ನಡದ ‘ಹೊಣೆಗಾರ’ ಎಂಬ ಮಾತು ಅದಕ್ಕೆ ಸರಿಯಾಗಿ ಕೂರುತ್ತದೆ.

ಈಗ ನನ್ನ ಪ್ರಶ್ನೆ ಇಷ್ಟೆ. ಹೊಣೆ ನಿಂತವನು ತನ್ನ ಹೊಣೆಗೆ ಎಂಥ ಷರತ್ತು ಹಾಕಬಹುದು? ಯಾವ ಷರತ್ತಿನ ನಂತರ ಹೊಣೆ ಎಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ?

ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ನಾಲ್ಕು ಜನ ವಿದ್ವಾಂಸರು ಭಾಷೆ, ಗಡಿ, ಸಂಸ್ಕೃತಿ ಎಂದು ಬರೆಯುವ ವಾರ್ಷಿಕ ಸಂಚಿಕೆಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ ಮೋಟಾರ್ ಸೈಕಲ್ಲಿನ ಸರ್ವೀಸು ಕೂಪನ್ನಿನ ಬಗ್ಗೆ ಬರೆಯುತ್ತಾನಲ್ಲ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಗಡಿಯವರಿಗೆ ಎಲ್ಲವೂ ದೂರ ಎಂಬುದು ಕಾಸರಗೋಡು, ಮಂಜೇಶ್ವರದ ಓದುಗರಿಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ. ಕಚೇರಿ ಒಂದು ದಿಕ್ಕು, ಆಸ್ಪತ್ರೆ ಒಂದು ದಿಕ್ಕು, ನೆಂಟರು ಮೂರನೆಯ ದಿಕ್ಕು. ನನ್ನ ಅಕ್ಕನನ್ನು ಕೊಟ್ಟಿರುವುದು ಮಡಕಶಿರಾ ತಾಲ್ಲೂಕಿನ ರೊಳ್ಳದ ಹತ್ತಿರದ ಹಳ್ಳಿಗೆ. ಭೂಪಟದಲ್ಲಿ ಆ ತಾಲ್ಲೂಕನ್ನು ನೋಡಿ. ಆಂಧ್ರದ ಒಂದು ಬೆರಳು ಕರ್ನಾಟಕದೊಳಕ್ಕೆ ಚಾಚಿದಂತಿದೆ. ಸುತ್ತ ಪಾವಗಡ, ಶಿರಾ, ಮಧುಗಿರಿ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ, ಇರುವುದೂ ಅಲ್ಲೇ, ಅಮರಾಪುರದ ಕಡೆ. ಅಲ್ಲಿನ ಶಾಸನಗಳು ಕನ್ನಡ, ಮನೆಮಾತು ಬಹಳ ಮಂದಿಗೆ ಕನ್ನಡ, ಅರ್ಜಿ ಮಾತ್ರ ತೆಲುಗು. 2022ರ ಏಪ್ರಿಲ್‌ವರೆಗೆ ಮಡಕಶಿರಾ ನಮ್ಮ ಅನಂತಪುರ ಜಿಲ್ಲೆಯಲ್ಲೇ ಇತ್ತು. ಆಮೇಲೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಕ್ಕನ ಮನೆಯವರಿಗೆ ಜಿಲ್ಲೆ ಬದಲಾಯಿತೇ ಹೊರತು ದೂರ ಬದಲಾಗಲಿಲ್ಲ.

ಅಕ್ಕನ ಮಗ ರೇಷ್ಮೆ ಬೆಳೆಯುವವನು. ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ಹುಳು ಮನೆ. ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ಯುತ್ತಾನೆ. 2023ರಲ್ಲಿ ಒಂದು ಹೊಸ ಮೋಟಾರ್ ಸೈಕಲ್ ಕೊಂಡ. ಮಾರಾಟ ಮಾಡಿದ ಅಂಗಡಿ ಹತ್ತಿರದಲ್ಲೇ ಇತ್ತು. ಸರ್ವೀಸು ಮಾಡಿ ಸೀಲು ಒತ್ತುವ ಅಧಿಕಾರವಿದ್ದ ಡೀಲರು ಇದ್ದದ್ದು ನಲವತ್ತು ಕಿಲೋಮೀಟರಿನಾಚೆ. ಕಂಪನಿ ಯಾವುದು, ಡೀಲರು ಯಾರು ಎಂಬುದು ಇಲ್ಲಿ ಬೇಡ. ಹೆಸರು ಬದಲಾಯಿಸಿದರೆ ಕಥೆ ಬದಲಾಗುವುದಿಲ್ಲ.

ಮೊದಲನೆಯ, ಎರಡನೆಯ ಸರ್ವೀಸು ಸಕಾಲಕ್ಕೆ ಆಯಿತು. ಮೂರನೆಯದರ ಗಡುವು ಬಂದದ್ದು ಹುಳು ನಾಲ್ಕನೇ ಜ್ವರ ಕಳೆದು ಎದ್ದ ವಾರದಲ್ಲಿ. ರೇಷ್ಮೆ ಬೆಳೆಯದ ಓದುಗರಿಗಾಗಿ ಎರಡು ಮಾತು. ರೇಷ್ಮೆಹುಳು ತನ್ನ ಜೀವಮಾನದಲ್ಲಿ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು, ಪೊರೆ ಕಳಚುತ್ತದೆ. ಇದನ್ನೇ ನಮ್ಮ ರೈತರು ಜ್ವರ ಎನ್ನುವುದು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗವನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಹುಳು ಮನೆಯಲ್ಲಿ ನಿಂತರೆ ಎಲೆಯ ಮೇಲೆ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಹಗಲು ಸೊಪ್ಪು, ರಾತ್ರಿ ಸೊಪ್ಪು. ಅದು ಮುಗಿಯುವಷ್ಟರಲ್ಲಿ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದನ್ನು ಅರ್ಧ ದಿನವೂ ಮುಂದೂಡಲಾಗದು. ಆ ವಾರ ಮನೆಯಲ್ಲಿ ಯಾರಾದರೂ ಸತ್ತರೂ ಒಬ್ಬರು ಹುಳು ಮನೆಯಲ್ಲಿರಬೇಕು ಎನ್ನುತ್ತಾರೆ. ಅಂಥದರಲ್ಲಿ ಗಾಡಿ ಬೆಳಿಗ್ಗೆ ಬಿಟ್ಟು ಸಂಜೆ ತರುವ ಸರ್ವೀಸಿಗೆ ಯಾರು ಹೋಗುತ್ತಾರೆ?

ಹುಡುಗ ಅಸಡ್ಡೆ ಮಾಡಲಿಲ್ಲ. ಮಡಕಶಿರಾ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾರೆ. ಊರಿಗೆಲ್ಲ ‘ಭಾಯಿ’. ಅವರ ಹತ್ತಿರ ಕಂಪನಿಯ ಪುಸ್ತಕದಲ್ಲಿ ಬರೆದ ದರ್ಜೆಯ ಆಯಿಲನ್ನೇ ಹಾಕಿಸಿ, ಚೈನು ಬಿಗಿ ಮಾಡಿಸಿ, ಏರ್ ಫಿಲ್ಟರ್ ನೋಡಿಸಿ, ಆಯಿಲ್ ಡಬ್ಬಿ ಕೊಂಡ ಬಿಲ್ಲನ್ನು ಪುಸ್ತಕದೊಳಗೇ ಇಟ್ಟುಕೊಂಡ. ಗೂಡು ಮಾರಿದ ಮೇಲೆ ಡೀಲರ ಬಳಿಗೂ ಹೋದ. ಗಡುವು ಮೀರಿ ಹದಿನಾರು ದಿನ ಆಗಿತ್ತು. ಅವರು ಹಣ ಪಡೆದು ಸರ್ವೀಸು ಮಾಡಿಕೊಟ್ಟರು, ಏನೂ ಹೇಳಲಿಲ್ಲ. ಹೇಳಿದ್ದು ಐದು ತಿಂಗಳ ನಂತರ, ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಕೆಟ್ಟು ಗಾಡಿ ನಿಂತಾಗ. “ಮೂರನೇ ಸರ್ವೀಸು ಲೇಟಾಗಿದೆ, ಹೊರಗಡೆ ಕೈ ಹಾಕಿಸಿದ್ದೀರಿ, ವಾರಂಟಿ ಬರಲ್ಲ.” ನಾಲ್ಕು ಸಾವಿರ ಚಿಲ್ಲರೆ ಬಿಲ್ಲು.

ಹುಡುಗ ನನಗೆ ಫೋನು ಮಾಡಿ ಕೇಳಿದ್ದು ಹಣದ ಮಾತಲ್ಲ. “ಮಾಮ, ಆಯಿಲ್ ಹಾಕೋದು ಇಂಜಿನ್ನಿಗೆ. ಕೆಟ್ಟಿದ್ದು ಟ್ಯಾಂಕಲ್ಲಿರೋ ಕರೆಂಟ್ ಪಂಪು. ಅದಕ್ಕೂ ಇದಕ್ಕೂ ಏನು ಸಂಬಂಧ?”

ಎಸ್‌ಎಸ್‌ಎಲ್‌ಸಿಗೆ ನಿಲ್ಲಿಸಿದ ಹುಡುಗ ಕೇಳಿದ ಈ ಪ್ರಶ್ನೆಗೆ ಬಿ.ಎ. ಓದಿದ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಕಂಪನಿ ಕೊಟ್ಟ ಮಾತು ಯಾವುದರ ಬಗ್ಗೆ? ತಾನು ಮಾಡಿದ ವಸ್ತುವಿನ ಬಗ್ಗೆ. ನಮ್ಮ ಲೋಹ ಗಟ್ಟಿ, ನಮ್ಮ ತಂತಿ ಸರಿ, ನಮ್ಮ ಪಂಪು ಇಷ್ಟು ವರ್ಷ ಬಾಳುತ್ತದೆ ಎಂಬುದು ಆ ಮಾತಿನ ತಿರುಳು. ಪಂಪಿನಲ್ಲಿ ದೋಷವಿದ್ದರೆ ಅದು ಗಾಡಿ ಷೋರೂಮಿನ ಮೆಟ್ಟಿಲಿಳಿದ ದಿನವೇ ಇದ್ದ ದೋಷ. ಅದನ್ನು ಹುಡುಗನ ಹದಿನಾರು ದಿನ ಹುಟ್ಟಿಸಲಿಲ್ಲ, ಭಾಯಿಯ ಸ್ಪ್ಯಾನರೂ ಹುಟ್ಟಿಸಲಿಲ್ಲ. ಹಾಗಿರುವಾಗ ದೋಷದ ಹೊಣೆ ದೋಷ ಮಾಡಿದವನ ಹೆಗಲಿನಿಂದ ಇಳಿಯುವುದು ಯಾವ ನ್ಯಾಯದಿಂದ? ನನ್ನ ಮಟ್ಟಿಗೆ ಇದು ಮಾತು ಮುರಿಯಲು ನೆಪ ಹುಡುಕುವುದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಗುಡಿಗೆ ಮಾತ್ರ ಅನ್ವಯಿಸುತ್ತದೆ ಎಂದು ಯಾರು ಹೇಳಿದರು?

ಕಂಪನಿಯ ಪರವಾಗಿಯೂ ಹೇಳುವುದಿದೆ, ಅದನ್ನು ಹೇಳದಿದ್ದರೆ ನಾನು ವಕೀಲನಾದೇನೇ ಹೊರತು ಲೇಖಕನಾಗಲಾರೆ. ಹೊಸ ಇಂಜಿನ್ನಿನಲ್ಲಿ ಹಲ್ಲಿಗೆ ಹಲ್ಲು ಉಜ್ಜಿ ಸಣ್ಣ ಲೋಹದ ಪುಡಿ ಆಯಿಲಿಗೆ ಇಳಿಯುತ್ತದೆ. ಮೊದಲ ಸರ್ವೀಸನ್ನು ಬಹಳ ಕಂಪನಿಗಳು 500ರಿಂದ 750 ಕಿಲೋಮೀಟರಿನೊಳಗೇ ಮಾಡಿಸಿ ಎನ್ನುವುದಕ್ಕೆ ಕಾರಣ ಇದೆ. ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಕ್ಲಚ್ಚು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿಗೆಂದು ಮಾಡಿದ, ಜಾರುಗುಣ ಹೆಚ್ಚಿಸಿದ ಆಯಿಲನ್ನು ಅದಕ್ಕೆ ಸುರಿದರೆ ಕ್ಲಚ್ಚು ಜಾರುತ್ತದೆ. ಅಗ್ಗವೆಂದು ಸಿಕ್ಕಿದ ಆಯಿಲು ಸುರಿಯುವ ಮೆಕ್ಯಾನಿಕ್ಕುಗಳು ನಮ್ಮ ಎರಡೂ ಊರುಗಳಲ್ಲಿದ್ದಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು, ಸೆನ್ಸರುಗಳು ಬಂದವು. ಕಿವಿಗೊಟ್ಟು ಕೇಳಿ ರೋಗ ಹೇಳುತ್ತಿದ್ದ ಕಾಲ ಹೋಯಿತು, ಸ್ಕ್ಯಾನರು ಚುಚ್ಚಿ ನೋಡಬೇಕು. ಇವೆಲ್ಲ ನಿಜ. ಯಾರೋ ಹಾಳು ಮಾಡಿದ ಇಂಜಿನ್ನಿಗೆ ಕಂಪನಿ ಹಣ ತೆರಲಿ ಎಂದರೆ ಅದು ಅನ್ಯಾಯ.

ಆದರೆ ಈ ನಿಜದಿಂದ ಎಷ್ಟು ದೂರ ಹೋಗಬಹುದು? ಇಲ್ಲಿ ನನ್ನ ಕೌಂಟರಿನ ಅನುಭವ ಸ್ವಲ್ಪ ಬಳಕೆಗೆ ಬರುತ್ತದೆ. ನಾವು ಗಾಡಿಗೆ ಸಾಲ ಕೊಡುತ್ತೇವೆ. ಸಾಲ ತೀರುವವರೆಗೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಗಾಡಿಗೆ ವಿಮೆ ಇರಲೇಬೇಕು ಎಂದು ಕೇಳುತ್ತೇವೆ, ಅದು ನಮ್ಮ ಹಣದ ರಕ್ಷಣೆ. ಆದರೆ ಇಂಥ ಕಂಪನಿಯಲ್ಲೇ ವಿಮೆ ಮಾಡಿಸು, ಇಲ್ಲದಿದ್ದರೆ ಸಾಲವಿಲ್ಲ ಎಂದು ಬಲವಂತ ಮಾಡುವಂತಿಲ್ಲ. ಹಾಗೆ ಮಾಡುವ ಆಸೆ ಬ್ಯಾಂಕುಗಳಿಗೆ ಇಲ್ಲವೇ ಇಲ್ಲ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಆದರೆ ನಿಯಮ ನಿಯಮವೇ. ‘ಕೆಲಸ ಆಗಬೇಕು’ ಎನ್ನುವುದು ವಸ್ತುವಿನ ಹಿತಕ್ಕಾಗಿ ಹಾಕುವ ಷರತ್ತು. ‘ನನ್ನ ಕೈಯಲ್ಲೇ ಆಗಬೇಕು’ ಎಂದ ಕೂಡಲೇ ಅದರಲ್ಲಿ ನನ್ನ ಹಿತ ಸೇರಿಕೊಂಡಿತು. ಇಷ್ಟು ದಿನಕ್ಕೆ ಇಂಥ ದರ್ಜೆಯ ಆಯಿಲು ಬದಲಾಗಿರಬೇಕು, ಬಿಲ್ಲು ತೋರಿಸು ಎನ್ನಲಿ, ಒಪ್ಪುತ್ತೇನೆ. ಹೊರಗಿನವನ ಕೈ ಸೋಕಿದ್ದರಿಂದಲೇ ಇದು ಕೆಟ್ಟಿದೆ ಎಂದು ತೋರಿಸಿಕೊಟ್ಟು ಬೇಡ ಎನ್ನಲಿ, ಅದನ್ನೂ ಒಪ್ಪುತ್ತೇನೆ. ಹುಡುಗ ಡೀಲರ ಮೇಜಿನ ಮೇಲೆ ಆಯಿಲಿನ ಬಿಲ್ಲು ಇಟ್ಟಾಗ ಅದನ್ನು ತೆಗೆದು ನೋಡಿದವರೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಗಾಡಿಯ ಆರೋಗ್ಯವಲ್ಲ, ಪುಸ್ತಕದಲ್ಲಿನ ಸೀಲು.

ಈ ವಿವೇಕ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 1975ರಲ್ಲೇ ಮ್ಯಾಗ್ನುಸನ್-ಮಾಸ್ ಎಂಬ ವಾರಂಟಿ ಕಾಯಿದೆ ಬಂತು. ನಮ್ಮ ಬಿಡಿಭಾಗವನ್ನೇ ಬಳಸಬೇಕು, ನಮ್ಮಲ್ಲೇ ರಿಪೇರಿ ಮಾಡಿಸಬೇಕು ಎಂಬ ಷರತ್ತಿಗೆ ವಾರಂಟಿಯನ್ನು ಕಟ್ಟಿಹಾಕಬಾರದು, ಕಟ್ಟುವುದಾದರೆ ಆ ಭಾಗವನ್ನೂ ಕೆಲಸವನ್ನೂ ಪುಕ್ಕಟೆ ಕೊಡಬೇಕು ಎಂಬುದು ಅದರ ಸಾಮಾನ್ಯ ನಿಯಮ. 2022ರ ಜೂನಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯದಲ್ಲಿ ಕ್ರಮ ಕೈಗೊಂಡದ್ದು ಯಾರ ಮೇಲೆ ಅಂದುಕೊಂಡಿರಿ? ಬೇರೆ ಕಂಪನಿಗಳ ಜೊತೆಗೆ ಹಾರ್ಲೆ-ಡೇವಿಡ್‌ಸನ್ ಮೇಲೂ. ಹೊರಗಿನ ಬಿಡಿಭಾಗ ಬಳಸಿದರೆ ವಾರಂಟಿ ಹೋಗುತ್ತದೆ ಎಂಬ ಅರ್ಥದ ಮಾತನ್ನು ತೆಗೆಯಬೇಕು, ಗಿರಾಕಿಗಳಿಗೆ ಅದನ್ನು ತಿಳಿಸಬೇಕು ಎಂದು ಆಜ್ಞೆಯಾಯಿತು. ಲಕ್ಷಗಟ್ಟಲೆ ಸುರಿದು ಆ ಗಾಡಿ ಕೊಳ್ಳುವ ಅಮೆರಿಕದ ಸಾಹುಕಾರನಿಗೂ ನನ್ನ ಅಕ್ಕನ ಮಗನಿಗೂ ಬಂದ ಕಷ್ಟ ಒಂದೇ ಎಂಬುದು ನನಗೆ ಒಂದು ಬಗೆಯ ಸಮಾಧಾನ ಕೊಟ್ಟಿತು.

ನಮ್ಮಲ್ಲೂ ಮಾತು ಎದ್ದಿಲ್ಲವೆಂದಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಬಿಗಿ ಹಿಡಿದಿದ್ದಾರೆ ಎಂಬುದು ದೂರು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನವರ ಕೆಟ್ಟ ಕೆಲಸದಿಂದಾದ ಹಾನಿಗೆ ಮಾತ್ರ ಕಂಪನಿ ಹೊಣೆಯಲ್ಲವೆಂದು ರಕ್ಷಣೆ ಇಟ್ಟುಕೊಳ್ಳಬಹುದು ಎಂದೂ ಆ ಆದೇಶದಲ್ಲಿತ್ತು. ವಿಷಯ ಮೇಲ್ಮನವಿಗಳಿಗೆ ಹೋಯಿತು. ಮತ್ತು ಅದು ಕಾರುಗಳ ಮೊಕದ್ದಮೆ, ದ್ವಿಚಕ್ರದ್ದಲ್ಲ. 2022ರ ಡಿಸೆಂಬರ್ 24ರಂದು, ಗ್ರಾಹಕರ ದಿನ, ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕಿ’ಗಾಗಿ ಒಂದು ಜಾಲತಾಣ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ದೆಹಲಿಯ ಆದೇಶ ನಲವತ್ತು ಕಿಲೋಮೀಟರಿನಾಚೆಯ ಡೀಲರ ಕೌಂಟರಿನವರೆಗೆ ನಡೆದು ಬರಲು ಬಹಳ ಕಾಲ ಬೇಕು. ಅಲ್ಲಿ ಕೂತಿರುವ ಇಪ್ಪತ್ತೆರಡರ ಹುಡುಗಿಗೆ ಕಂಪ್ಯೂಟರು ಏನು ತೋರಿಸುತ್ತದೋ ಅದೇ ಕಾನೂನು. ಅವಳ ಮೇಲೆ ನನಗೆ ಕೋಪವಿಲ್ಲ. ನಾನೂ ಅಂಥದೇ ಕುರ್ಚಿಯಲ್ಲಿ ಕೂತವನು.

ಆ ಕುರ್ಚಿಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಮಾಡಬೇಕು. ಹಿಂದೆ ಮುದುಕರು ಮಗನ ಕೈ ಹಿಡಿದು ಬ್ಯಾಂಕಿಗೆ ಬರುತ್ತಿದ್ದರು. ಕಣ್ಣೆದುರು ನಿಂತವರ ಹತ್ತಿರ ಬದುಕಿದ್ದೀರಾ ಎಂದು ಕಾಗದ ಕೇಳುವುದು ನನಗೆ ಎಂದೂ ಹಿತವಾಗಿರಲಿಲ್ಲ. ಆದರೂ ಕೇಳಲೇಬೇಕು, ಸತ್ತವರ ಹೆಸರಿನಲ್ಲಿ ಹಣ ತೆಗೆಯುವವರಿದ್ದಾರೆ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚು ಕೊಟ್ಟರೆ ಸಾಕಾಯಿತು. ಆಮೇಲೆ ಅಂಚೆಯವರು ಮನೆಬಾಗಿಲಿಗೆ ಬಂದು ಮಾಡಿಕೊಡುವ ಏರ್ಪಾಡಾಯಿತು. ಈಗ ಫೋನಿನ ಮುಂದೆ ಮುಖ ತೋರಿಸಿದರೂ ಆದೀತು. ಅಂದರೆ ಅನುಮಾನಪಡುವವನು ತನ್ನ ಅನುಮಾನ ತೀರಿಸಿಕೊಳ್ಳುವ ಖರ್ಚನ್ನು ತಾನೇ ಸ್ವಲ್ಪ ಸ್ವಲ್ಪವಾಗಿ ಹೊತ್ತುಕೊಂಡ. ಮೋಟಾರ್ ಸೈಕಲ್ ಕಂಪನಿಗಳ ಸಂಗತಿಯಲ್ಲಿ ನಾನು ಕೇಳುವುದು ಇದನ್ನೇ. ಅನುಮಾನ ಅವರದು, ಅದರ ಕೂಲಿ ಯಾಕೆ ನಮ್ಮದು?

ಕೂಲಿ ಎಂದದ್ದು ಅಲಂಕಾರಕ್ಕಲ್ಲ. ‘ಫ್ರೀ ಸರ್ವೀಸು’ ಎನ್ನುತ್ತಾರೆ. ಹೋಗಿಬರಲು ಎಂಬತ್ತು ಕಿಲೋಮೀಟರು, ಪೆಟ್ರೋಲು ನೂರೆಪ್ಪತ್ತು ರೂಪಾಯಿಗೆ ಕಡಿಮೆಯಿಲ್ಲ. ಅಲ್ಲಿ ಮಧ್ಯಾಹ್ನದ ಊಟ. ಮಜೂರಿ ಮಾತ್ರ ಪುಕ್ಕಟೆ, ಆಯಿಲಿಗೆ ಬಿಲ್ಲು. ಒಂದು ದಿನದ ದುಡಿಮೆ ಹೋಯಿತು. ಬೆಂಗಳೂರಿನಲ್ಲಿ ಆಫೀಸಿಗೆ ಹೋಗುವ ದಾರಿಯಲ್ಲಿ ಗಾಡಿ ಬಿಟ್ಟು ಸಂಜೆ ಎತ್ತಿಕೊಳ್ಳುವವನಿಗೂ, ರೊಳ್ಳದ ಕಡೆಯಿಂದ ಹೋಗುವವನಿಗೂ ಷರತ್ತು ಒಂದೇ ಅಕ್ಷರಗಳಲ್ಲಿ ಅಚ್ಚಾಗಿದೆ. ಎಲ್ಲರಿಗೂ ಒಂದೇ ನಿಯಮ ಎಂದರೆ ಸಮಾನತೆ ಎಂದು ನಾವು ಶಾಲೆಯಲ್ಲಿ ಕಲಿತೆವು. ನಲವತ್ತು ಕಿಲೋಮೀಟರು ಆ ಪಾಠದಲ್ಲಿ ಬರಲಿಲ್ಲ.

ಇಲ್ಲಿ ರಾಯದುರ್ಗದಲ್ಲಿ ಮನೆಮನೆಯಲ್ಲಿ ಬಟ್ಟೆ ಹೊಲಿಯುವ ಕೆಲಸ ನಡೆಯುತ್ತದೆ. ಬಳ್ಳಾರಿಯ ಜೀನ್ಸಿನ ಹೆಸರು ಎಲ್ಲರೂ ಕೇಳಿದ್ದಾರೆ, ಅದರ ನೆರೆಯಲ್ಲೇ ಇರುವ ನಮ್ಮ ಊರಿನ ಹೊಲಿಗೆಯವರ ಹೆಸರು ಕೇಳಿದವರು ಕಡಿಮೆ. ಪೀಸಿಗೆ ಇಷ್ಟು ಎಂದು ಕೂಲಿ. ಮೆಷಿನ್ನು ನಿಂತರೆ ಕೂಲಿಯೂ ನಿಂತಿತು. ನಮ್ಮ ಬೀದಿಯಲ್ಲಿ ಒಬ್ಬ ಹೊಲಿಗೆ ಮೆಷಿನ್ ರಿಪೇರಿಯವನಿದ್ದಾನೆ, ಕರೆದ ಅರ್ಧ ಗಂಟೆಯಲ್ಲಿ ಸೈಕಲ್ಲಿನಲ್ಲಿ ಬಂದು ನಿಲ್ಲುತ್ತಾನೆ. ಆ ಮೆಷಿನ್ನುಗಳಿಗೂ ಅನಂತಪುರಕ್ಕೆ ಹೊತ್ತುಕೊಂಡು ಹೋಗಿ ಸೀಲು ಹಾಕಿಸಿಕೊಂಡು ಬರಬೇಕು ಎಂಬ ನಿಯಮ ಬಂದಿದ್ದರೆ ನಮ್ಮ ಅರ್ಧ ಊರು ಉಪವಾಸ ಬೀಳುತ್ತಿತ್ತು.

ರಿಪೇರಿಯವರ ಮಾತು ಬಂದದ್ದರಿಂದ ಹೇಳುತ್ತೇನೆ, ಈ ಏರ್ಪಾಡಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿಯಾಗುವುದು ಗಿರಾಕಿಯ ನಷ್ಟವಲ್ಲ, ಭಾಯಿಯಂಥವರ ಗತಿ. ನನ್ನ ತಂದೆಯ ಹತ್ತಿರ ಮೈಸೂರಿನ ಐಡಿಯಲ್ ಜಾವಾದವರ ಎಜ್ಡಿ ಇತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮುಚ್ಚಿ ವರ್ಷಗಳಾದ ಮೇಲೂ ಎಜ್ಡಿಗಳು ಓಡುತ್ತಲೇ ಇದ್ದವು, ಊರೂರಿನ ಗ್ಯಾರೇಜಿನವರು ಓಡಿಸಿದರು. ಮಾಡಿದವನು ಹೋದ ಮೇಲೂ ವಸ್ತು ಬದುಕಿದ್ದು ಬಿಚ್ಚಿ ಜೋಡಿಸಬಲ್ಲ ಕೈಗಳು ಹೊರಗಡೆ ಇದ್ದುದರಿಂದ. ಈಗ ಹೊಸ ಮಾಡೆಲಿನ ಗಾಡಿ ಬಂದರೆ ವಾರಂಟಿ ಇರುವಷ್ಟು ಕಾಲ ಭಾಯಿಯ ಕೈಗೆ ಬರುವುದಿಲ್ಲ. ಐದು ವರ್ಷದ ವಾರಂಟಿ ಕೊಡುವ ಕಂಪನಿಗಳೂ ಈಗ ಇವೆ. ಐದು ವರ್ಷ ಒಳಗೆ ನೋಡಲು ಬಿಡದೆ, ಆಮೇಲೆ ‘ಹೊರಗಿನ ಮೆಕ್ಯಾನಿಕ್ಕಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ’ ಎನ್ನುತ್ತಾರೆ. ಬಾಗಿಲು ಹಾಕಿದವನೇ ಹೊರಗಿನವನಿಗೆ ಒಳಮನೆ ಪರಿಚಯವಿಲ್ಲ ಎಂದು ದೂರುವ ಮಾತಿದು. ಭಾಯಿ ತಮ್ಮ ದುಡ್ಡಿನಲ್ಲಿ ಒಂದು ಸ್ಕ್ಯಾನರು ತಂದಿದ್ದಾರೆ. ಅದರಲ್ಲಿ ಕೆಲವು ಗಾಡಿಗಳು ತೆರೆದುಕೊಳ್ಳುತ್ತವೆ, ಕೆಲವು ಇಲ್ಲ.

ಇನ್ನೊಂದು ವ್ಯತ್ಯಾಸವನ್ನೂ ನಾನು ಗಮನಿಸಿದ್ದೇನೆ. ಡೀಲರ ಬಳಿ ಗಾಡಿ ಗಾಜಿನ ಗೋಡೆಯಾಚೆ ಹೋಗುತ್ತದೆ, ಗಿರಾಕಿಗಳಿಗೆ ಪ್ರವೇಶವಿಲ್ಲ. ಸಂಜೆ ತೊಳೆದು ಹೊಳೆಯುತ್ತಾ ಬರುತ್ತದೆ. ಒಳಗೆ ಏನಾಯಿತು ಎಂಬುದಕ್ಕೆ ಜಾಬ್ ಕಾರ್ಡೇ ಸಾಕ್ಷಿ. ಮರುದಿನ ಫೋನು ಬರುತ್ತದೆ, ದಯವಿಟ್ಟು ಹತ್ತಕ್ಕೆ ಹತ್ತು ಅಂಕ ಕೊಡಿ ಎಂದು. ಭಾಯಿಯ ಹತ್ತಿರ ಮರದ ಸ್ಟೂಲಿನ ಮೇಲೆ ಕೂತರೆ ಬಿಚ್ಚಿದ್ದು, ತೊಳೆದದ್ದು, ಹಾಕಿದ್ದು ಎಲ್ಲ ಕಣ್ಣೆದುರು. ಸವೆದ ಭಾಗವನ್ನು ಕೈಗೆ ಕೊಟ್ಟು “ನೋಡಪ್ಪಾ” ಎನ್ನುತ್ತಾರೆ. ಕಂಪನಿಯ ಲೆಕ್ಕದಲ್ಲಿ ಗಾಜಿನಾಚೆ ಆದದ್ದು ನಂಬತಕ್ಕದ್ದು, ಕಣ್ಣೆದುರು ಆದದ್ದು ಅನುಮಾನಿಸತಕ್ಕದ್ದು. ಡೀಲರ ಬಳಿ ಒಳ್ಳೆಯ ಕೆಲಸ ಮಾಡುವ ಹುಡುಗರಿಲ್ಲವೆಂದು ನಾನು ಹೇಳುವುದಿಲ್ಲ. ಅವರಲ್ಲಿ ಕೆಲವರು ಭಾಯಿಯ ಬಳಿಯೇ ಕಲಿತು ಹೋದವರು.

ಪಂಪಿನ ವಿಷಯ ಏನಾಯಿತು ಎಂದು ಕೇಳುವಿರಿ. ನಾನು ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಷರತ್ತಿನ ಇಂಥ ಸಂಖ್ಯೆಯನ್ನು ನೋಡಿ ಎಂದು ವಿನಯವಾದ ಉತ್ತರ ಬಂತು. ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ, ಬೇಕಾದರೆ ಗ್ರಾಹಕರ ಆಯೋಗಕ್ಕೆ ಹೋಗೋಣ, ಅರ್ಜಿ ನಾನೇ ಬರೆಯುತ್ತೇನೆ ಎಂದೆ. ಹುಡುಗ ಬೇಡವೆಂದ. “ಮತ್ತೆ ಹುಳು ತಂದಿದೀನಿ ಮಾಮ, ಎರಡನೇ ಜ್ವರದಲ್ಲಿದೆ. ಅದಕ್ಕೆ ಓಡಾಡೋ ದಿನದಲ್ಲಿ ನಾಲ್ಕು ಸಾವಿರ ದುಡಿದುಬಿಡ್ತೀನಿ.” ಲೆಕ್ಕ ಸರಿಯಾಗಿಯೇ ಇತ್ತು, ಲೆಕ್ಕ ಬಲ್ಲ ನನಗೆ ಎದುರು ಹೇಳಲು ಬರಲಿಲ್ಲ. ಹೀಗೆ ಎಷ್ಟು ಜನ ಸರಿಯಾದ ಲೆಕ್ಕ ಹಾಕಿ ಸುಮ್ಮನಾಗುತ್ತಾರೋ, ಅದೂ ಯಾರದೋ ಲೆಕ್ಕದಲ್ಲಿ ಲಾಭವಾಗಿ ಕೂತಿರುತ್ತದೆ.

ಕಳೆದ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋದಾಗ ಭಾಯಿಯನ್ನು ಕಂಡು ಬಂದೆ. ಈಗ ಅವರು ಮಾಡಿದ ಕೆಲಸಕ್ಕೆಲ್ಲ ಬಿಲ್ಲು ಬರೆದು ಕೊಡುತ್ತಿದ್ದಾರೆ, ತಾರೀಖು, ಕಿಲೋಮೀಟರು, ಆಯಿಲಿನ ದರ್ಜೆ ಸಮೇತ. ನನ್ನನ್ನು ಪಕ್ಕಕ್ಕೆ ಕರೆದು, “ಸಾರ್, ನೀವು ಬ್ಯಾಂಕಿನವರು, ರಬ್ಬರ್ ಸೀಲು ಚೆನ್ನಾಗಿ ಎಲ್ಲಿ ಮಾಡಿಕೊಡ್ತಾರೆ ನಿಮಗೆ ಗೊತ್ತಿರುತ್ತೆ. ದುಂಡಗೆ, ದೊಡ್ಡದಾಗಿ ಒಂದು ಮಾಡಿಸಿಕೊಡಿ” ಎಂದರು. ಅಕ್ಷರ ಕನ್ನಡದಲ್ಲಿರಲೋ ತೆಲುಗಿನಲ್ಲಿರಲೋ ಎಂದು ಕೇಳಿದೆ. ಜಾಗವಿದ್ದರೆ ಎರಡರಲ್ಲೂ ಇರಲಿ ಎಂದರು.